ಪೇಟಿ, ಲೇಜಿಮ್, ಹಲಗೆ: ನಮ್ಮ ಊರುಗಳ ಮೇಳಗಳ ಒಂದು ಚರಿತ್ರೆ



ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ ಒಂದು ಪ್ರಶ್ನೆ ಕೇಳಿದನು. ಅವನಿರುವ ಕಡೆ ಗಿರಣಿ, ಗಣಿಗಳ ಊರುಗಳಲ್ಲಿ ಹಿತ್ತಾಳೆ ವಾದ್ಯಗಳ ಬ್ಯಾಂಡುಗಳಿವೆ. ಹಗಲೆಲ್ಲ ದುಡಿಯುವ ಜನ ಸಂಜೆ ಒಂದೆಡೆ ಕೂಡಿ, ಯಾರಿಂದಲೂ ಸಂಬಳ ಪಡೆಯದೆ, ತಮ್ಮ ಊರಿನ ಹೆಸರಿನಲ್ಲಿ ನುಡಿಸುತ್ತಾರೆ. ಕ್ವೀನ್ಸ್‌ಬರಿ ಎಂಬ ಊರಿನ ಬ್ಲ್ಯಾಕ್ ಡೈಕ್ ಗಿರಣಿಯ ಬ್ಯಾಂಡು 1855ರಲ್ಲಿ ಕಟ್ಟಿದ್ದು ಇಂದಿಗೂ ನಡೆದಿದೆ. ಇದನ್ನೆಲ್ಲ ಹೇಳಿ ಅವನು ಕೇಳಿದ: "ಸರ, ನಮ್ಮ ಕಡೆ ಇಂಥಾವು ಯಾಕ ಆಗಲಿಲ್ಲರಿ?"

ಆಗಿದ್ದವಪ್ಪ, ನೀನೇ ಅದರಲ್ಲಿ ಲೇಜಿಮ್ ಹಿಡಿದು ಕುಣಿದಿದ್ದೀ ಎಂದು ನಾನು ನಕ್ಕೆನು. ಆದರೆ ಮಾತು ಮುಗಿದ ಮೇಲೆ ಪ್ರಶ್ನೆ ಮನಸ್ಸಿನಲ್ಲಿಯೇ ಉಳಿಯಿತು. ಸಂಬಳವಿಲ್ಲದೆ, ಸಂತೋಷಕ್ಕಾಗಿ ನುಡಿಸುವವನನ್ನು ನಾವು ಹವ್ಯಾಸಿ ಎನ್ನುತ್ತೇವೆ. ನಮ್ಮ ಊರುಗಳಲ್ಲಿ ನುಡಿಸುತ್ತಿದ್ದವರೆಲ್ಲ ಹವ್ಯಾಸಿಗಳೇ ಆಗಿದ್ದರೆ? ಈ ಲೇಖನವು ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವಾಗಿದೆ.

ಮೊದಲು ನಾಡಿನ ಪರಿಚಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಇಂದು ಐದು ತಾಲೂಕುಗಳನ್ನು ಎಣಿಸುತ್ತೇವೆ. ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರೆಯಾದದ್ದು ಇತ್ತೀಚೆಗೆ. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. 1956ರ ನವೆಂಬರ್ 1ರಂದು ಎಲ್ಲವೂ ಮೈಸೂರು ರಾಜ್ಯವನ್ನು ಸೇರಿದವು. ಕೃಷ್ಣೆ, ದೂಧಗಂಗೆ, ವೇದಗಂಗೆಯರ ಈ ಕಪ್ಪು ನೆಲದಲ್ಲಿ ಒಂದೇ ಕಟ್ಟೆಯ ಮೇಲೆ ಕನ್ನಡ, ಮರಾಠಿ ಎರಡೂ ಕೇಳಿಬರುತ್ತವೆ. ಗಡಿಯ ತಂಟೆ ಏನೇ ಇರಲಿ, ಭಜನೆಯಲ್ಲಿ ತುಕಾರಾಮರ ಅಭಂಗವಾದ ಮೇಲೆ ಶಿಶುನಾಳ ಶರೀಫರ ತತ್ತ್ವಪದವನ್ನು ಎತ್ತಿಕೊಂಡರೆ ಬೇಡವೆಂದವರನ್ನು ನಾನು ನೋಡಿಲ್ಲ.

ಇನ್ನು ಮೇಳಗಳ ಮಾತು. ಊರಿನ ಸಂಗೀತದ ನಡುಮನೆ ಎಂದರೆ ಭಜನೆ. ಏಕಾದಶಿಗೆ ವಿಠ್ಠಲನ ಗುಡಿಯಲ್ಲಿ, ಸೋಮವಾರ ಬಸವಣ್ಣನ ಗುಡಿಯಲ್ಲಿ, ಅಮಾವಾಸ್ಯೆಗೆ ಮಠದಲ್ಲಿ, ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತಿತ್ತು. ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು ಪಂಢರಪುರಕ್ಕೆ ನಡೆಯುವವರ ತಾಳ, ಪಖವಾಜು, ವೀಣೆಗಳು ಒಂದು ಕಡೆ. ಏಕತಾರಿ, ದಮ್ಮಡಿ ಹಿಡಿದು ನಿಜಗುಣ ಶಿವಯೋಗಿಗಳ, ಕಡಕೋಳ ಮಡಿವಾಳಪ್ಪನವರ, ಶರೀಫರ ಪದಗಳನ್ನು ಹಾಡುವವರು ಇನ್ನೊಂದು ಕಡೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳಂಥವರು (1836–1921) ಬಾಳಿದ ಸೀಮೆಯಲ್ಲಿ ಪದವೆಂದರೆ ಬರಿಯ ಮನರಂಜನೆಯಾಗಿರಲಿಲ್ಲ. ಅಕ್ಷರ ಬಾರದವರ ಗ್ರಂಥವೂ ಅದೇ ಆಗಿತ್ತು.

ಭಜನೆಯ ಕಟ್ಟು ಬಹಳ ಸರಳವಾದದ್ದು. ಒಬ್ಬನು ಮುಂದೆ ನಿಂತು ಒಂದು ಸಾಲನ್ನು ಹೇಳುತ್ತಾನೆ; ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ನುಡಿಗೊಮ್ಮೆ ಪಲ್ಲವಿ ಮರಳಿ ಬರುತ್ತದೆ. ಕೊನೆಯ ನುಡಿಗೆ ಲಯ ಏರುತ್ತದೆ. ಈ ಕ್ರಮದಲ್ಲಿ ಪದ ಗೊತ್ತಿಲ್ಲದವನೂ ಹಾಡಬಹುದು, ಏಕೆಂದರೆ ಅವನು ಹಾಡಬೇಕಾದ ಸಾಲು ಅವನ ಕಿವಿಗೆ ಆಗಲೇ ಬಿದ್ದಿರುತ್ತದೆ. ರಾಗ ಬಾರದವನು ತಾಳ ಹಿಡಿಯುತ್ತಾನೆ. ತಾಳವೂ ತಪ್ಪುವವನು ಎಣ್ಣೆ ಹಾಕಿ ದೀಪ ನೋಡಿಕೊಳ್ಳುತ್ತಾನೆ, ಚಹಾ ಕಾಸುತ್ತಾನೆ. ಹುಡುಗರು ಹೊರ ಸುತ್ತಿನಲ್ಲಿ ತೂಕಡಿಸುತ್ತ ಕುಳಿತೇ ನೂರಾರು ಪದಗಳನ್ನು ಕಲಿಯುತ್ತಿದ್ದರು. ಮೂವತ್ತೈದು ವರ್ಷ ಕಲಿಸಿದ ನಾನು ಹೇಳುತ್ತೇನೆ: ಇದಕ್ಕಿಂತ ಉತ್ತಮವಾದ ಪಾಠಕ್ರಮವನ್ನು ಯಾವ ತರಬೇತಿ ಸಂಸ್ಥೆಯೂ ನನಗೆ ತೋರಿಸಿಕೊಡಲಿಲ್ಲ.

ಈ ಕೂಟಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ಬಂದದ್ದು ಒಂದು ದೊಡ್ಡ ಬದಲಾವಣೆ. ಪ್ಯಾರಿಸಿನಲ್ಲಿ ಹುಟ್ಟಿದ ಈ ವಾದ್ಯವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿದರು. ನಮ್ಮ ಸೀಮೆಗೆ ಅದನ್ನು ಕರೆತಂದದ್ದು ಮುಖ್ಯವಾಗಿ ಸಂಗೀತ ನಾಟಕ. ಮರಾಠಿ ಸಂಗೀತ ನಾಟಕದ ಆದ್ಯರಾದ ಅಣ್ಣಾಸಾಹೇಬ ಕಿರ್ಲೋಸ್ಕರರು (1843–1885) ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೇ. ಮಿರಜ, ಕುಡಚಿ, ರಾಯಬಾಗಗಳ ಮೇಲೆ ರೈಲು ಓಡತೊಡಗಿದ ಮೇಲೆ ನಾಟಕ ಕಂಪನಿಗಳ ತಿರುಗಾಟ ಸುಲಭವಾಯಿತು. ಕಂಪನಿ ಬಿಟ್ಟು ಬಂದ ಒಬ್ಬ ಪೇಟಿ ಮಾಸ್ತರನು ಊರಿನಲ್ಲಿ ನಿಂತರೆ ಸಾಕು, ಎರಡು ವರ್ಷದಲ್ಲಿ ಅಲ್ಲೊಂದು ನಾಟಕ, ಒಂದು ಭಜನಾ ಮಂಡಳಿ ಏಳುತ್ತಿದ್ದವು.

ಪೇಟಿಯನ್ನು ಕೊಳ್ಳುವುದು ಒಬ್ಬನ ಕೈಲಾಗುವ ಮಾತಾಗಿರಲಿಲ್ಲ. ಸುಗ್ಗಿಯಾದ ಮೇಲೆ ಪಟ್ಟಿ ಎತ್ತುತ್ತಿದ್ದರು; ಕೆಲವರು ರೊಕ್ಕ, ಕೆಲವರು ಜೋಳ ಕೊಡುತ್ತಿದ್ದರು. ನಾಲ್ಕು ಜನ ಹಿರಿಯರು ಮಿರಜಿಗೆ ಹೋಗಿ ತರುತ್ತಿದ್ದರು. ಕಾಗವಾಡಕ್ಕೆ ಕೂಗಳತೆಯೆನ್ನಬಹುದಾದ ಮಿರಜ ವಾದ್ಯಗಳ ತವರು. ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಆಯುಧಗಳ ಕಾಲ ಮುಗಿದಾಗ, 19ನೆಯ ಶತಮಾನದಲ್ಲಿ ಸಿತಾರ, ತಂಬೂರಿಗಳ ತಯಾರಿಕೆಗೆ ಇಳಿದರು. 2024ರಲ್ಲಿ ಮಿರಜಿನ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಉಸ್ತಾದ್ ಅಬ್ದುಲ್ ಕರೀಮ್ ಖಾನರು 1937ರಲ್ಲಿ ತೀರಿಕೊಳ್ಳುವವರೆಗೆ ನೆಲೆಸಿದ್ದ ಊರೂ ಅದೇ. ಅಲ್ಲಿಯ ದರ್ಗಾದ ಉರುಸಿನಲ್ಲಿ ಅವರ ನೆನಪಿಗಾಗಿ ರಾತ್ರಿಯಿಡೀ ನಡೆಯುವ ಸಂಗೀತವನ್ನು ಕೇಳಲು ನಮ್ಮ ಕಡೆಯ ಒಕ್ಕಲಿಗರೂ ಹೋಗಿ ಕೂಡುತ್ತಿದ್ದರು.

ಪೇಟಿಯಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಏಕತಾರಿಯ ಕಾಲದಲ್ಲಿ ಹಾಡುವವನ ಕೊರಳಿಗೆ ತಕ್ಕಂತೆ ಶ್ರುತಿ ಮಾಡಿಕೊಳ್ಳಬಹುದಿತ್ತು. ಪೇಟಿಯ ಸ್ವರಗಳು ಕಾರ್ಖಾನೆಯಲ್ಲಿಯೇ ಸ್ಥಿರವಾಗಿರುತ್ತವೆ. ಅದರಲ್ಲಿ ಮೀಂಡು ಎಳೆಯಲು ಬರುವುದಿಲ್ಲ. ಈ ಕಾರಣಗಳಿಂದ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ನಮ್ಮವರು ಪಂಚಾಯತಿ ರೇಡಿಯೋದಲ್ಲಿ ಭಕ್ತಿಯಿಂದ ಕೇಳಿದರು. ಕೇಳಿ ಎದ್ದು ಹೋಗಿ ಅದೇ ರಾತ್ರಿ ಗುಡಿಯಲ್ಲಿ ಪೇಟಿಯನ್ನೇ ನುಡಿಸಿದರು. ಪಂಡಿತರ ತೀರ್ಪು ಹಳ್ಳಿಗೆ ತಲುಪಲಿಲ್ಲ. ತಲುಪದಿದ್ದುದು ಒಳ್ಳೆಯದೇ ಆಯಿತು. ಹದಿನೈದು ಜನರ ಬೇರೆ ಬೇರೆ ಕೊರಳುಗಳನ್ನು ಒಂದು ಸ್ವರಕ್ಕೆ ತಂದು ನಿಲ್ಲಿಸಲು ಅದಕ್ಕಿಂತ ಸುಲಭವಾದ ಸಾಧನ ಅವರಿಗೆ ಬೇರೆ ಇರಲಿಲ್ಲ.

ಎರಡನೆಯದು ತಾಲೀಮಿನ ಮೇಳ. ಗರಡಿಮನೆಗಳಲ್ಲಿ ಕುಸ್ತಿಯ ಜೊತೆಗೆ ಲೇಜಿಮ್ ಕಲಿಸುತ್ತಿದ್ದರು. ಬಿಲ್ಲುಗಾರಿಕೆಯ ಅಭ್ಯಾಸಕ್ಕೆಂದು ಬಿಲ್ಲಿಗೆ ಹೆದೆಯ ಬದಲು ಕಬ್ಬಿಣದ ಸರಪಳಿ ಕಟ್ಟಿಕೊಂಡು ಎಳೆಯುವ ಹಳೆಯ ವ್ಯಾಯಾಮದಿಂದ ಈ ಸಾಧನ ಬಂದಿದೆ. ಕೋಲು, ಸರಪಳಿ, ಅದರಲ್ಲಿ ಝಣಝಣಿಸುವ ಬಿಲ್ಲೆಗಳು, ಬಡಿತಕ್ಕೆ ಹಲಗೆ. ಶಾಲೆಗಳು ಇದನ್ನು ಕವಾಯತಿನೊಡನೆ ಸೇರಿಸಿಕೊಂಡವು. 1982ರ ದಿಲ್ಲಿಯ ಏಷ್ಯಾಡ್ ಉದ್ಘಾಟನೆಯಲ್ಲಿ ನೆರೆಯ ಸಾಂಗಲಿಯ ಕಡೆಯ ಲೇಜಿಮ್ ಪಟುಗಳು ಕುಣಿದಾಗ ನಮ್ಮ ಹುಡುಗರು ಅದು ತಮ್ಮದೇ ಗೆಲುವೆಂದು ಬೀಗಿದ್ದುಂಟು. ಪುಣೆಯಲ್ಲಿ 1893ರಿಂದ ಬೆಳೆದ ಸಾರ್ವಜನಿಕ ಗಣೇಶೋತ್ಸವವು ನಮ್ಮ ಪೇಟೆಗಳಿಗೂ ಹಬ್ಬಿದಾಗ, ಪದ ಹಾಡುತ್ತ ಸಾಗುವ ಮೇಳಗಳೂ ಝಾಂಜ್ ಪಥಕಗಳೂ ಅದರೊಡನೆ ಬಂದವು.

ಮೂರನೆಯದು ಜಾತ್ರೆ, ಮೆರವಣಿಗೆಗಳ ಮೇಳ. ಕರಡಿ ಮಜಲನ್ನು ಕೇಳದೆ ನಮ್ಮ ಕಡೆ ಮದುವೆಯ ಬೀಗರು ಊರೊಳಗೆ ಕಾಲಿಡುತ್ತಿರಲಿಲ್ಲ. ಕರಡಿ ಎಂದರೆ ಕೊರಳಿಗೆ ತೂಗುಹಾಕಿಕೊಂಡು ಎರಡೂ ಬದಿ ಬಾರಿಸುವ ಚರ್ಮವಾದ್ಯ. ಅದಕ್ಕೆ ಸನಾದಿ, ತಾಳಗಳ ಸಾಥ್. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಗೆ ಕೂಡುತ್ತದೆ. ಅಲ್ಲಿಗೆ ಮಹಾರಾಷ್ಟ್ರದ ಧನಗರರೂ ನಮ್ಮ ಹಾಲುಮತದವರೂ ಡೊಳ್ಳು ಹೊತ್ತು ಬರುತ್ತಾರೆ. ಬೀರದೇವರ ಕಥೆಯನ್ನು ಡೊಳ್ಳಿನ ಪದದಲ್ಲಿ ಎರಡು ಮೇಳದವರು ಸವಾಲು-ಜವಾಬಾಗಿ ಬೆಳಗಿನವರೆಗೆ ಹಾಡುತ್ತಾರೆ. ಮೊಹರಮ್ಮಿನಲ್ಲಿ ರಿವಾಯತ್ ಪದಗಳನ್ನು ಹಿಂದೂ, ಮುಸಲ್ಮಾನರೆಂಬ ಭೇದವಿಲ್ಲದೆ ಹೆಜ್ಜೆಹಾಕಿ ಹಾಡುತ್ತಿದ್ದರು. ಹೆಣ್ಣುಮಕ್ಕಳ ಸಂಗೀತವಂತೂ ಬೀಸುವ ಕಲ್ಲಿನ ಮುಂದೆಯೇ ಇತ್ತು. ಹಿಟ್ಟಿನ ಗಿರಣಿ ಬಂದ ದಿನ ತಾಯಂದಿರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಹಾಡಿಗೆ ನೆಲೆ ತಪ್ಪಿತು. 1931ರಲ್ಲಿ ಹಲಸಂಗಿ ಗೆಳೆಯರು "ಗರತಿಯ ಹಾಡು" ಸಂಕಲನವನ್ನು ಅಚ್ಚುಹಾಕಿಸದಿದ್ದರೆ ಆ ಸಂಪತ್ತಿನ ಎಷ್ಟು ಪಾಲು ಉಳಿಯುತ್ತಿತ್ತೋ ತಿಳಿಯದು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸುಂದರವಾದ ಚಿತ್ರವಾಗುತ್ತಿತ್ತು. ನನ್ನ ವಯಸ್ಸಿನವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಮೇಲೆ ಲೇಜಿಮ್ಮಿನ ಮಾತು ಬಂದಾಗ "ಬಡಿತಕ್ಕೆ ಹಲಗೆ" ಎಂದು ಎರಡೇ ಶಬ್ದಗಳಲ್ಲಿ ದಾಟಿಹೋದೆನಲ್ಲ, ಅಲ್ಲಿಗೆ ಮರಳಬೇಕಾಗಿದೆ.

ಪೇಟಿ ನುಡಿಸುವವನು ಬೇಸರವಾದರೆ ಪೇಟಿಯನ್ನು ಮುಚ್ಚಿ ಮನೆಗೆ ಹೋಗಬಹುದಾಗಿತ್ತು. ಹಲಗೆ ಬಾರಿಸುವವನಿಗೆ ಆ ಅನುಕೂಲವಿರಲಿಲ್ಲ. ಡಂಗುರ, ಜಾತ್ರೆ, ಹೆಣದ ಮೆರವಣಿಗೆ, ಸಾಹೇಬರ ಬರುವಿಕೆ, ಎಲ್ಲಕ್ಕೂ ಅವನು ಕರೆದಾಗ ಬರಬೇಕು. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಸಮುದಾಯಗಳ ಪಾಲಿಗೆ ಇದು ಊರಚಾಕರಿ. ಪ್ರತಿಫಲವಾಗಿ ತುಸು ವತನದ ಹೊಲ, ಸುಗ್ಗಿಯಲ್ಲಿ ಒಂದಿಷ್ಟು ಆಯ. ದೇವರ ಪಲ್ಲಕ್ಕಿಯ ಮುಂದೆ ಮೈಲುದ್ದಕ್ಕೂ ಬಾರಿಸಿದವನು ಗುಡಿಯ ಮೆಟ್ಟಿಲು ಬಂದಾಗ ಹೊರಗೆ ನಿಲ್ಲಬೇಕಿತ್ತು. ಎಲ್ಲರಿಗೂ ಜಾಗವಿದೆಯೆಂದು ನಾನು ಹೊಗಳಿದ ಭಜನೆಯ ಸುತ್ತಿನಲ್ಲಿ ಅವನಿಗೆ ಜಾಗವಿರಲಿಲ್ಲ.

ಈ ವ್ಯವಸ್ಥೆ ತಾನಾಗಿ ಕರಗಲಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಮಹಾರ ವತನವನ್ನು ರದ್ದುಪಡಿಸಿದರು. ರಾಯಬಾಗವು ಆಗ ಅವರ ಆಳ್ವಿಕೆಯಲ್ಲಿತ್ತು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆದಾಗ ಡಾ. ಬಾಬಾಸಾಹೇಬ ಅಂಬೇಡ್ಕರರು ಅಲ್ಲಿಗೆ ಬಂದರು. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ ವತನ ಕಾಯಿದೆಗೆ ತಿದ್ದುಪಡಿಯನ್ನು ಮಂಡಿಸಿದರು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ 1961ರ ಕಾಯಿದೆಯು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಹೀಗೆ ಒಂದೇ ಸೀಮೆಯ ಅಕ್ಕಪಕ್ಕದ ಹಳ್ಳಿಗಳಲ್ಲಿ ಕಾಗದದ ಮೇಲಿನ ಬಿಡುಗಡೆಗೇ ನಲವತ್ತೈದು ವರ್ಷಗಳ ಅಂತರ. ಮನಸ್ಸಿನ ಬಿಡುಗಡೆಯ ಲೆಕ್ಕ ಬೇರೆ.

ಆ ಲೆಕ್ಕದಲ್ಲಿ ನನ್ನದೂ ಒಂದು ಬಾಕಿ ಇದೆ. 1970ರ ದಶಕದ ಕೊನೆಯಲ್ಲಿ ನಾನು ಕೃಷ್ಣಾ ತೀರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆನು. ಆಗಸ್ಟ್ 15ರ ಪ್ರಭಾತಫೇರಿಗೆ ಲೇಜಿಮ್ ತಂಡವನ್ನು ಸಿದ್ಧಪಡಿಸುವ ಹೊಣೆ ನನ್ನದು. ಹಲಗೆಗೆ ಯಾರು ಎಂಬುದು ನನಗೊಂದು ಪ್ರಶ್ನೆಯಾಗಿಯೇ ತೋರಲಿಲ್ಲ. ಏಳನೆಯ ತರಗತಿಯ ಒಬ್ಬ ಹುಡುಗನ ತಂದೆ ಊರಲ್ಲಿ ಹಲಗೆ ಬಾರಿಸುತ್ತಿದ್ದರು. ಹುಡುಗನನ್ನು ಕರೆದೆ, ಕೇಳದೆಯೇ ಹಲಗೆಯನ್ನು ಅವನ ಕೊರಳಿಗೆ ಹಾಕಿದೆ. ಅವನು ಅದ್ಭುತವಾಗಿ ಬಾರಿಸಿದ. ಊರೆಲ್ಲ ಶಾಲೆಯನ್ನು ಹೊಗಳಿತು. ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ಅವನ ಮನೆಗೆ ಹೋದೆನು. ತಂದೆ ಎದ್ದು ನಿಂತು ನಮಸ್ಕರಿಸಿ, ಬಹಳ ಮೆಲ್ಲಗೆ ಹೇಳಿದರು: "ನನ್ನ ಕೊಳ್ಳಾಗಿನ ಹಲಗಿ ಮಗನ ಕೊಳ್ಳಾಗ ಬೀಳಬಾರದು ಅಂತ ಸಾಲಿಗೆ ಕಳಿಸಿದ್ನಿರಿ ಸರ. ಸಾಲ್ಯಾಗ ನೀವs ತಂದು ಹಾಕಿದ್ರಿ."

ನಾನು ಉತ್ತರ ಕೊಡಲಾರದೆ ಹೋದೆನು. ಹುಡುಗ ಮರಳಿ ಬಂದ, ಮುಂದೆ ಚೆನ್ನಾಗಿ ಓದಿದ. ಮರುವರ್ಷ ಅವನ ಕೈಗೆ ಲೇಜಿಮ್ ಕೊಟ್ಟು, ಹಲಗೆ ಕಲಿಯಲು ಇಷ್ಟವಿದ್ದವರು ಕೈ ಎತ್ತಿರೆಂದು ತರಗತಿಗೆಲ್ಲ ಹೇಳಿದೆನು. ಬೇರೆ ಓಣಿಯ ಇಬ್ಬರು ಹುಡುಗರು ಉತ್ಸಾಹದಿಂದ ಕೈ ಎತ್ತಿದರು. ಸಂಜೆಯೊಳಗೆ ಹಿರಿಯರು ಬಂದು, ನಮ್ಮ ಹುಡುಗರಿಗೆ ಹಲಗೆ ಮುಟ್ಟಿಸುವಿರಾ ಎಂದು ಕೇಳಿದರು. ಆಗ ನಾನು ಗಟ್ಟಿಯಾಗಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಶಾಲೆಗೊಂದು ಡ್ರಮ್ಮನ್ನು ಕೊಂಡು ತಂದು ಮಾತು ಮುಗಿಸಿದೆವು. ಅದೇ ತೊಗಲು, ಅದೇ ಬಡಿತ. ಹೆಸರು ಬೇರೆಯಾದ ಕೂಡಲೆ ಎಲ್ಲರೂ ಮುಟ್ಟಿದರು. ಮೊದಲನೆಯ ತಪ್ಪು ಅಜ್ಞಾನದಿಂದ ಆದದ್ದು. ಎರಡನೆಯದನ್ನು ತಿಳಿದೇ ಮಾಡಿದೆ.

ಇದೇ ಕಥೆಯ ಇನ್ನೊಂದು ಮುಖ ಚೌಡಕಿ. ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಯಲ್ಲಮ್ಮನ ಜಾತ್ರೆಗೆ ಹೋದವರು ಆ ದನಿಯನ್ನು ಮರೆಯಲಾರರು. ಟೊಳ್ಳು ಮರದ ಕೊಳವೆ, ತಳಕ್ಕೆ ತೊಗಲು, ಅದರ ನಡುವಿನಿಂದ ಎಳೆದ ಒಂದೇ ತಂತಿ. ಮೀಟಿದರೆ ಶ್ರುತಿಯೂ ಅದೇ, ತಾಳವೂ ಅದೇ. ಯಲ್ಲಮ್ಮನ ದೀರ್ಘಕಥೆಯನ್ನು ಬಾಯಿಪಾಠವಾಗಿ ಹಾಡುತ್ತಿದ್ದ ಆ ಹೆಣ್ಣುಮಕ್ಕಳಲ್ಲಿ ಅನೇಕರು ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು. 1982ರಲ್ಲಿ ಕರ್ನಾಟಕ ಶಾಸನಸಭೆಯು ಈ ಅರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಘಟಪ್ರಭೆಯ 'ಮಾಸ್' ಸಂಸ್ಥೆಯಲ್ಲಿ ಮಾಜಿ ದೇವದಾಸಿಯರೇ ಒಂದಾಗಿ ಮನೆಮನೆಗೆ ತಿರುಗಿ ಈ ಪದ್ಧತಿಯ ವಿರುದ್ಧ ಹೋರಾಡಿದರು. ಚೌಡಕಿಯ ಹಾಡು ಕಡಿಮೆಯಾಗುತ್ತಿದೆಯೆಂದು ಮರುಗುವವರಿಗೆ ನಾನು ವಿನಯದಿಂದ ಒಂದು ಪ್ರಶ್ನೆ ಕೇಳುತ್ತೇನೆ: ಆ ಹಾಡು ಉಳಿಯಲೆಂದು ಯಾರ ಮನೆಯ ಮಗಳಿಗೆ ಮುತ್ತು ಕಟ್ಟೋಣ?

ಆದ್ದರಿಂದ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೀಗಿದೆ. ಸಂಬಳವಿಲ್ಲದೆ ನುಡಿಸುವುದರಿಂದಲೇ ಒಬ್ಬನು ಹವ್ಯಾಸಿಯಾಗುವುದಿಲ್ಲ. ವಾದ್ಯವನ್ನು ಕೆಳಗಿಡುವ ಸ್ವಾತಂತ್ರ್ಯ ಯಾರಿಗಿದೆಯೋ ಅವನು ಹವ್ಯಾಸಿ. ಈ ಅಳತೆಯಿಂದ ನೋಡಿದರೆ ನಮ್ಮ ಊರಿನಲ್ಲಿ ಅರ್ಧ ಮೇಳ ಹವ್ಯಾಸಿಗಳದ್ದು, ಅರ್ಧ ಮೇಳ ಬಂಧಿಗಳದ್ದು. ಮೆರವಣಿಗೆಯಲ್ಲಿ ಇಬ್ಬರ ನಾದವೂ ಒಂದಾಗಿ ಕೇಳುತ್ತಿದ್ದುದರಿಂದ ನಮಗೆ ವ್ಯತ್ಯಾಸ ತಿಳಿಯಲಿಲ್ಲ.

ಬಿಡುವ ಸ್ವಾತಂತ್ರ್ಯ ಬಂದ ಮೇಲೆ ಎಲ್ಲರೂ ಬಿಟ್ಟರೆಂದು ತಿಳಿಯಬಾರದು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹೋರಾಟದ ಹಾಡುಗಳೊಂದಿಗೆ ತಮಟೆ, ಹಲಗೆಗಳು ಮತ್ತೆ ಮೊಳಗಿದವು. ಈ ಸಲ ಕರೆದವರು ಊರಗೌಡರಲ್ಲ, ಬಾರಿಸುವವರ ಮನಸ್ಸೇ. ಇಂದು ಹಲಗೆ ಮಜಲಿನ ತಂಡಗಳು ಮೆರವಣಿಗೆಗೆ ಮುಂಗಡ ಹಣ ಗೊತ್ತುಮಾಡಿಕೊಂಡು, ಸಮವಸ್ತ್ರ ಧರಿಸಿ ಬರುತ್ತವೆ. ಉತ್ಸವಗಳಲ್ಲಿ ವೇದಿಕೆಯ ಮೇಲೆ ನಿಲ್ಲುತ್ತವೆ. ಝಾಂಜ್, ಢೋಲ್ ಪಥಕಗಳಲ್ಲಿ ಕಾಲೇಜಿನ ಹೆಣ್ಣುಮಕ್ಕಳು ಸೊಂಟಕ್ಕೆ ಢೋಲ್ ಕಟ್ಟಿಕೊಂಡು ಬಾರಿಸುವುದನ್ನು ನೋಡುವ ಭಾಗ್ಯವೂ ನನಗೆ ದೊರೆತಿದೆ.

ಆದರೆ ಹೊಸದೊಂದು ಕುತ್ತು ಬಂದಿದೆ. ಗಡಿಭಾಗದಲ್ಲಿ ನಾವದನ್ನು ಡಾಲ್ಬಿ ಎನ್ನುತ್ತೇವೆ. ಟ್ರ್ಯಾಕ್ಟರಿನ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿಪೆಟ್ಟಿಗೆಗಳು ಕೂಗತೊಡಗಿದರೆ ಎದೆಯ ಗೂಡು ನಡುಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್ ಮಿತಿಯನ್ನು ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಿಯಮ ಪಾಲನೆಯ ಮಾತನ್ನು ನಾನು ಎತ್ತುವುದಿಲ್ಲ. ನನ್ನ ದುಃಖ ಬೇರೆ. ಪಟ್ಟಿ ಇಂದಿಗೂ ಎತ್ತುತ್ತಾರೆ. ಆ ಹಣದಿಂದ ಒಂದು ರಾತ್ರಿಗೆ ಡಾಲ್ಬಿ ಬರುತ್ತದೆ, ಬೆಳಗಾದರೆ ಹೊರಟುಹೋಗುತ್ತದೆ. ಅಂದು ಪಟ್ಟಿ ಎತ್ತಿ ತಂದ ಪೇಟಿ ಮೂರು ತಲೆಮಾರು ಊರಲ್ಲಿ ಉಳಿಯುತ್ತಿತ್ತು. ಡಾಲ್ಬಿಯ ಮುಂದೆ ಕುಣಿಯಬಹುದು, ತಾಳ ಹಾಕಲು ಬರುವುದಿಲ್ಲ. ತಾಳ ತಪ್ಪಿದರೆ ಕಣ್ಣು ಕೆಂಪಗೆ ಮಾಡಿ ತಿದ್ದುವ ಹಿರಿಯನೂ ಅಲ್ಲಿಲ್ಲ.

ಇದನ್ನು ಓದುವ ನಿಮ್ಮಲ್ಲಿ ಹಲವರು ಇಂದು ಊರಿನ ಹಿರಿಯರಾಗಿದ್ದೀರಿ, ಗಣೇಶೋತ್ಸವ ಮಂಡಳಿಗಳಲ್ಲಿ ಇದ್ದೀರಿ, ಕೆಲವರು ಶಿಕ್ಷಕರೂ ಆಗಿದ್ದೀರಿ. ಮುಂದಿನ ಸಲ ಪಟ್ಟಿ ಎತ್ತಿದಾಗ ಒಂದು ಪಾಲನ್ನು ಊರಲ್ಲಿಯೇ ಉಳಿಯುವ ವಾದ್ಯಕ್ಕೆ ತೆಗೆದಿಡಿರಿ. ಶಾಲೆಯಲ್ಲಿ ಹಲಗೆ ಕಲಿಸುವುದಾದರೆ ಬಲ್ಲವರನ್ನು ಗೌರವದಿಂದ ಕರೆಸಿ, ಗುರುವಿನ ಕುರ್ಚಿಯಲ್ಲಿ ಕೂಡಿಸಿ, ಸಂಭಾವನೆ ಕೊಟ್ಟು ಕಲಿಸಿರಿ. ಯಾವ ಮಗುವಿನ ಕೊರಳಿಗೂ ಕೇಳದೆ ಏನನ್ನೂ ಹಾಕಬೇಡಿರಿ. ಕೈ ಎತ್ತಿದ ಮಗುವನ್ನು ಯಾರು ಬಂದು ಹೇಳಿದರೂ ಕೆಳಗಿಳಿಸಬೇಡಿರಿ. ನಾನು ಮಾಡಲಾಗದ ಕೆಲಸವನ್ನು ನಿಮಗೆ ಹೇಳುತ್ತಿದ್ದೇನೆ. ಮಾಸ್ತರರಿಗೆ ಅಷ್ಟು ಹಕ್ಕು ಇರುತ್ತದೆಂದು ನಂಬಿದ್ದೇನೆ.

ಆ ಹುಡುಗ ಇಂದು ಸರಕಾರಿ ನೌಕರಿಯಿಂದ ನಿವೃತ್ತನಾಗುವ ವಯಸ್ಸಿಗೆ ಬಂದಿದ್ದಾನೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಿದ್ದ. ಹಿಂಜರಿಯುತ್ತಲೇ ಆ ದಿನದ ಮಾತೆತ್ತಿ ತಪ್ಪಾಯಿತೆಂದೆ. ಅವನು ನಕ್ಕು, ತನ್ನ ಮಗಳು ಕಾಲೇಜಿನ ತಂಡದಲ್ಲಿ ಹಲಗೆ ಬಾರಿಸುತ್ತಾಳೆಂದು ಹೇಳಿದ. "ಯಾರು ಕಲಿಸಿದರು?" ಎಂದು ಕೇಳಿದೆ.

"ಅವರ ಅಜ್ಜರಿ ಸರ. ಆಕೀನs ಹೋಗಿ ಕೇಳಿದ್ಳು" ಎಂದನು.

ನಿಮ್ಮ ನಿಮ್ಮ ಊರಿನ ಮೇಳಗಳ ನೆನಪುಗಳಿದ್ದರೆ ಅವಶ್ಯವಾಗಿ ಬರೆದು ತಿಳಿಸಿರಿ.